ಫುಪ್ಪುವಿನ ಊರು ಮೊದಲು

ಯಲಬುರ್ಗಾದಲ್ಲಿ ಗಾದಿ ಹೊಲಿಯುವ ಶಫೀಸಾಬನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಯಾವುದರಲ್ಲೇ ಆಗಲಿ, ಮೊದಲ ಪಾಲು ಗಂಗಾವತಿಯಲ್ಲಿರುವ ಅವನ ಅಕ್ಕ ಇಮಾಮಬಾನುವಿನದು. ಬಕ್ರೀದಿನ ಮಾಂಸ, ಮದುವೆಯ ಕರೆ, ಹೊಸ ಹತ್ತಿಯ ಮೊದಲ ದಿಂಬು, ಎಲ್ಲವೂ ಅವಳಿಗೆ ಮುಟ್ಟಿದ ಮೇಲೆಯೇ ಉಳಿದವರಿಗೆ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಈ ಕಟ್ಟುಪಾಡಿನಿಂದ ಯಾರಿಗೂ ಕೆಡುಕಾಗಿರಲಿಲ್ಲ, ಶಫೀಸಾಬನ ಮಗಳು ಉಜ್ಮಾ ನರ್ಸಿಂಗ್ ಪದವಿಗೆ ಅರ್ಜಿ ಹಾಕುವ ತನಕ.

ಉಜ್ಮಾಗೆ ಬೇಕಾಗಿದ್ದದ್ದು ಕೊಪ್ಪಳದ ಸರ್ಕಾರಿ ಕಾಲೇಜು. ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು, ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ಗೆಳತಿ ಸುರೇಖಾಳೂ ಅಲ್ಲಿಗೇ ಹಾಕುವವಳು. ಪ್ರವೇಶ ಪರೀಕ್ಷೆಯಲ್ಲಿ ಉಜ್ಮಾಳ ರ‍್ಯಾಂಕು ಸುರೇಖಾಳದಕ್ಕಿಂತ ಮೇಲೇ ಇತ್ತು. ಉಳಿದ ಕೆಲಸ ಒಂದೇ: ಬೇಕಾದ ಕಾಲೇಜುಗಳ ಹೆಸರನ್ನು ಬೇಕಾದ ಕ್ರಮದಲ್ಲಿ ಕಂಪ್ಯೂಟರಿಗೆ ತುಂಬುವುದು.

ಅಪ್ಪ ಮಗಳು ಯಂಕೇಶನ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತಿದ್ದಾಗ ಗಂಗಾವತಿಯಿಂದ ಅಕ್ಕನ ಫೋನು ಬಂತು.

"ಏನೋ ಶಫೀ, ನಮ್ಮೂರಾಗೂ ಒಂದು ನರ್ಸಿಂಗ್ ಕಾಲೇಜ ಐತಿ. ಆಪಾ ಅದಾಳಂತ ನೆನಪೈತಿಲ್ಲೋ?"

"ತೌಬಾ, ಆಪಾ! ನಿನ್ನ ಊರು ಮೊದಲು. ಆಮ್ಯಾಲೆ ಉಳಿದದ್ದು."

ಯಂಕೇಶ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. "ಕಾಕಾ, ಒಂದನೇದು ಕೊಪ್ಪಳ ಹಾಕ್ಲ್ಯಾ?"

"ಗಂಗಾವತಿ ಹಾಕಪಾ. ಕೊಪ್ಪಳ ಎರಡನೇದು."

"ಮ್ಯಾಲೆ ಹಾಕಿದ್ದನ್ನ ಮೊದಲ ನೋಡತೈತ್ರಿ ಅದು."

"ನೋಡ್ಲಿ ಬಿಡು. ಕೊಡೂದು ರ‍್ಯಾಂಕಿನ ಮ್ಯಾಲಲ್ಲೇನು? ಛಲೋ ರ‍್ಯಾಂಕಿಗೆ ಛಲೋ ಕಾಲೇಜ. ಮದುವಿ ಕಾರ್ಡಿನ್ಯಾಗ ಹಿರೇರ ಹೆಸರು ಮ್ಯಾಲೆ ಬರಸ್ತೀವಿ, ಊಟ ಮಾತ್ರ ಬಂದವರು ಬಂದಂಗ ಮಾಡ್ತಾರ. ಹಂಗ ಇದು."

ಯಂಕೇಶ ಉಜ್ಮಾಳ ಮುಖ ನೋಡಿದ. ಉಜ್ಮಾ ಈ ವಿಷಯದ ಮೇಲೆ ಮೊಬೈಲಿನಲ್ಲಿ ಹಲವು ವಿಡಿಯೋ ನೋಡಿದ್ದಳು. ಒಂದೊಂದೂ ಒಂದೊಂದು ಹೇಳಿ, ಕೊನೆಗೆ ಎಲ್ಲವೂ ಸರಿಯೆನಿಸಿ, ಅಪ್ಪ ಹೇಳುವುದೂ ಸರಿಯಿರಬಹುದೆನಿಸಿತ್ತು. ತಲೆಯಾಡಿಸಿದಳು. ಗೊಂದಲದಲ್ಲಿರುವವರು ತಲೆಯಾಡಿಸುವುದೇ ಹೆಚ್ಚು.

ಸೀಟು ಹಂಚಿಕೆಯಾದಾಗ ಸುರೇಖಾಳಿಗೆ ಕೊಪ್ಪಳ ಸಿಕ್ಕಿತು. ಉಜ್ಮಾಗೆ ಗಂಗಾವತಿಯ ಖಾಸಗಿ ಕಾಲೇಜು.

ಕಡಿಮೆ ರ‍್ಯಾಂಕಿನವಳಿಗೆ ಮೇಲಿನದು, ಮೇಲಿನ ರ‍್ಯಾಂಕಿನವಳಿಗೆ ಕೆಳಗಿನದು. ಇದರಲ್ಲಿ ಮೋಸವಿದೆ ಎಂದು ಶಫೀಸಾಬ ಮಗಳನ್ನು ಕರೆದುಕೊಂಡು ಕೊಪ್ಪಳದ ಸಹಾಯ ಕೇಂದ್ರಕ್ಕೆ ಹೋದ. ಅಲ್ಲಿದ್ದ ವಿರೂಪಾಕ್ಷಮ್ಮ ಎಂಬ ಸಿಬ್ಬಂದಿ ಪರದೆ ನೋಡಿ, ಕನ್ನಡಕ ತೆಗೆದು, ಅವನನ್ನು ನೋಡಿದರು.

"ನೀವು ಮೊದಲ ಗಂಗಾವತಿ ಕೇಳೀರಿ. ಕೊಟ್ಟಾರ. ಕೇಳಿದ್ದು ಸಿಕ್ಕೈತಿ, ಮತ್ಯಾಕ ಜಗಳಾ?"

"ಮುಂದಿನ ಸುತ್ತಿನ್ಯಾಗ ಮ್ಯಾಲಿಂದು ಕೊಡ್ರಿ ಬಾಯಾರ."

"ಮ್ಯಾಲಿಂದು ಕೊಡಬೇಕಂದ್ರ ನಿಮ್ಮ ಪಟ್ಟಿಯೊಳಗ ಅದರ ಮ್ಯಾಲೆ ಏನಾರ ಇರಬೇಕಲ್ಲರೀ. ನೀವ ತುದಿಗೆ ಹತ್ತಿ ಕುಂತೀರಿ. ಈ ಸೀಟು ತಗೋರಿ, ಇಲ್ಲಾ ಬಿಟ್ಟು ಮುಂದಿನ ವರ್ಷ ಮತ್ತ ಬರೀರಿ."

ಯಂತ್ರಕ್ಕೆ ಮರ್ಯಾದೆಯ ಮಾತು ತಿಳಿಯುವುದಿಲ್ಲ, ಬರೆದದ್ದನ್ನು ನಂಬಿಬಿಡುತ್ತದೆ. ಇಷ್ಟು ಸಣ್ಣ ಸಂಗತಿ ಶಫೀಸಾಬನಿಗೆ ಊರಿಗೆ ಮರಳುವ ಬಸ್ಸು ಕುಕನೂರು ದಾಟಿದರೂ ತಲೆಗೆ ಹತ್ತಲಿಲ್ಲ. "ಆಪಾಗ ಇದನ್ನ ಹೇಳಬ್ಯಾಡ, ನೊಂದ್ಕೋತಾಳ" ಎಂದಷ್ಟೇ ಹೇಳಿದ.

ಮನೆಯಲ್ಲಿ ಉಜ್ಮಾಳ ತಾಯಿ ಲಾಲಬೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತಾಟಿನ್ಯಾಗಿನ ರೊಟ್ಟಿ ಬಿಟ್ಟು ಹಂಚಿನ ಮ್ಯಾಲಿನ ರೊಟ್ಟಿಗೆ ಕಾಯ್ಬ್ಯಾಡ" ಎಂದಳು. ಉಜ್ಮಾ ಸೀಟು ಒಪ್ಪಿಕೊಂಡಳು. ಆದರೆ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿತ್ತು: ಈ ವರ್ಷ ಗಂಗಾವತಿ, ಬೇಸಿಗೆಗೆ ಮತ್ತೆ ಪರೀಕ್ಷೆ ಬರೆದರೆ ಕೊಪ್ಪಳಕ್ಕೆ ಹೋಗಬಹುದು. ಇರುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸದೆಯೇ ಅವಳು ಗಂಗಾವತಿಯ ಬಸ್ಸು ಹತ್ತಿದಳು.

ಉಜ್ಮಾಳ ಫುಪ್ಪು, ಅಂದರೆ ಸೋದರತ್ತೆ, ಇಮಾಮಬಾನು ಓಣಿಗೆಲ್ಲ ಖೀರು ಹಂಚಿದಳು. "ನಮ್ಮ ಶಫೀ ಮಗಳು. ಎಲ್ಲಾ ಬಿಟ್ಟು ನಮ್ಮೂರಿಗೇ ಬಂದಾಳ ನೋಡ್ರಿ!" ಈ ಮಾತು ಕೇಳಿದಾಗಲೆಲ್ಲ ಉಜ್ಮಾ ಪುಸ್ತಕವನ್ನು ಜೋರಾಗಿ ಮುಚ್ಚಿ ಒಳಗೆ ಎದ್ದುಹೋಗುತ್ತಿದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಫುಪ್ಪುವಿನ ಮಗ ಅಸ್ಲಮ, ಸೊಸೆ, ಮೊಮ್ಮಕ್ಕಳೆಲ್ಲ ಇದ್ದರು. ತನಗೆ ಬಿಟ್ಟುಕೊಟ್ಟ ಮಂಚ ಯಾರದು, ಆ ಮಂಚದವರು ಈಗೆಲ್ಲಿ ಮಲಗುತ್ತಾರೆ ಎಂದು ಅವಳು ಕೇಳಲಿಲ್ಲ. ಸಿಟ್ಟಿನಲ್ಲಿರುವವರಿಗೆ ಇಂಥವು ಕಾಣುವುದಿಲ್ಲ.

ಕಾಲೇಜಿನಲ್ಲೂ ಕಾಲಿಗೆ ನೆಲ ಸಿಗಲಿಲ್ಲ. ಕನ್ನಡದಲ್ಲಿ ಓದಿಬಂದವಳಿಗೆ ಮೂಳೆ, ನರ, ಸ್ನಾಯುಗಳೆಲ್ಲ ಇಂಗ್ಲಿಷಿನಲ್ಲಿ ಬಂದು ನಿಂತವು. ಓದಿದರೆ ಉಚ್ಚಾರ ಗೊತ್ತಿಲ್ಲ, ಉಚ್ಚರಿಸಿದರೆ ಅರ್ಥ ಗೊತ್ತಿಲ್ಲ. ಹಾಸಿಗೆ ಸಜ್ಜು ಮಾಡುವ ಪಾಠ ಬಂದಾಗ ಮಾತ್ರ ಧೈರ್ಯ ಬಂತು. ಗಾದಿಯವನ ಮಗಳಿಗೆ ಹಾಸಿಗೆ ಕಲಿಸುವವರು ಯಾರು? ಚಾದರವನ್ನು ಎರಡೂ ಕೈಯಲ್ಲಿ ಹಿಡಿದು ಫಟ್ಟನೆ ಝಾಡಿಸಿದಳು, ಗಾದಿಗೆ ಅಂಗೈಯಿಂದ ಬಲವಾಗಿ ಬಡಿದಳು. ಮನೆಯಲ್ಲಿ ಹಾಗೆ ಬಡಿಯದ ಗಾದಿ ಗಾದಿಯೇ ಅಲ್ಲ.

"ನಿಲ್ಲಿಸು!" ಎಂದರು ಮೇಡಂ. "ಧೂಳಿನ ಜೊತೆ ರೋಗಾಣುಗಳು ಹಾರಿ ಪಕ್ಕದ ಹಾಸಿಗೆಯವನ ಗಾಯದ ಮೇಲೆ ಕೂರುತ್ತವೆ. ಇಲ್ಲಿ ಯಾವುದನ್ನೂ ಝಾಡಿಸಬಾರದು."

ಹುಡುಗಿಯರು ನಕ್ಕರು. ಗೊತ್ತಿದ್ದ ಒಂದೇ ಕೆಲಸವೂ ತಪ್ಪಾಗಿತ್ತು. ಅಂದು ಸಂಜೆ ಫುಪ್ಪು ಪಕ್ಕದ ಮನೆಯವಳಿಗೆ "ನನ್ನ ಸಲುವಾಗೇ ಬಂದಾಳ" ಎಂದು ಮತ್ತೆ ಶುರುಮಾಡಿದಾಗ ಉಜ್ಮಾಗೆ ತಡೆಯಲಾಗಲಿಲ್ಲ.

"ಹೌದ್ರಿ ಫುಪ್ಪು, ನಿಮ್ಮ ಸಲುವಾಗೇ! ನೀವು ಫೋನ್ ಮಾಡಿದ್ರಿ ಅಂತ ನಮ್ಮ ಅಬ್ಬಾ ನಿಮ್ಮ ಊರು ಮೊದಲ ಹಾಕಿಸಿದ್ರು. ಇಲ್ಲಾಂದ್ರ ನನಗ ಕೊಪ್ಪಳ ಸಿಗ್ತಿತ್ತು."

ಪಕ್ಕದ ಮನೆಯವಳು ನಿಧಾನವಾಗಿ ಎದ್ದುಹೋದಳು. ಇಮಾಮಬಾನು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಅಂವಗ ಯಾರು ಹಾಕು ಅಂದ್ರು? ನಾ ಮರ್ಯಾದಿಗೆ ಕೇಳಿದ್ದೆ! ಕೇಳಲಿಲ್ಲಂದ್ರ, ಮನ್ಯಾಗ ಇಟಗೊಳ್ಳಾಕ ಆಪಾಗ ಮನಸ್ಸಿಲ್ಲ ಅಂತಿದ್ದ ನಿಮ್ಮಪ್ಪ. ಅಂವ 'ಇಲ್ಲ ಆಪಾ, ಕೊಪ್ಪಳ ಸಮೀಪ ಆಗತೈತಿ' ಅಂತಾನ, ನಾ 'ಹೋಗ್ಲಿ ಬಿಡು' ಅಂತೀನಿ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಈ ಮನ್ಯಾಗ ಜಾಗಾ ಎಲ್ಲೈತಿ ಹುಚ್ಚಿ? ನಾ ಅಡಗಿ ಮನ್ಯಾಗ ಮಲಗ್ತೀನಿ!"

ಉಜ್ಮಾ ಅಡುಗೆಮನೆಯ ಕಡೆ ನೋಡಿದಳು. ಒಲೆಯ ಪಕ್ಕ ಚಾಪೆ ಸುತ್ತಿಟ್ಟಿತ್ತು. ಇಬ್ಬರು ಒಬ್ಬರಿಗೊಬ್ಬರು ತೋರಿಸಿದ ಮರ್ಯಾದೆಯ ನಡುವೆ ತನ್ನ ಸೀಟು ಕೆಳಗೆ ಬಿದ್ದಿತ್ತು. ಸಿಟ್ಟು ಮಾಡಬೇಕಾದದ್ದು ಯಾರ ಮೇಲೆ ಎಂಬುದೂ ಈಗ ತಿಳಿಯದಾಯಿತು.

"ಈಗ ಖರೇ ಹೇಳು," ಎಂದಳು ಫುಪ್ಪು. "ಮುಂದಿನ ವರ್ಷ ಮತ್ತ ಬರದು ಹೋಗ್ತಿಯೇನು? ನನ್ನ ಮುಖಾ ನೋಡಿ ಹೇಳಬ್ಯಾಡ."

"ಗೊತ್ತಿಲ್ಲ ಫುಪ್ಪು," ಎಂದಳು ಉಜ್ಮಾ. ಕಾಲೇಜಿಗೆ ಅರ್ಜಿ ಹಾಕಿದ ಮೇಲೆ ತನ್ನ ಬಗ್ಗೆ ಅವಳು ಆಡಿದ ಮೊದಲ ಖರೇ ಮಾತು ಅದು.

ಮಾರನೆಯ ವಾರ ಅವಳನ್ನು ಆಸ್ಪತ್ರೆಯ ವಾರ್ಡಿಗೆ ಹಾಕಿದರು. ಕೆಲಸ ಸಣ್ಣದು: ಜ್ವರ ನೋಡುವುದು, ನಾಡಿ ಎಣಿಸುವುದು, ಹೇಗಿದ್ದೀರಿ ಎಂದು ಕೇಳಿ ಬರೆದುಕೊಳ್ಳುವುದು. ಹಿಂದಿನ ದಿನ ಶಸ್ತ್ರಚಿಕಿತ್ಸೆಯಾಗಿದ್ದ ಅಮರಪ್ಪ ಎಂಬ ಹನುಮಸಾಗರದ ಮುದುಕ ಮೂಲೆಯ ಹಾಸಿಗೆಯಲ್ಲಿದ್ದ.

"ನೋವು ಐತೇನ್ರಿ ಅಜ್ಜಾರ?"

"ಏನಿಲ್ಲ ತಂಗಿ, ಆರಾಮ ಅದೀನಿ. ನಿಮ್ಮ ಕೆಲಸ ನೋಡಿಕೋರಿ."

ಆರಾಮ ಎಂದು ಬರೆಯಲು ಹೊರಟ ಅವಳ ಪೆನ್ನು ನಿಂತಿತು. ಮುದುಕನ ಕೈ ಚಾದರವನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಅವಳು ಸ್ಟೂಲು ಎಳೆದುಕೊಂಡು ಕುಳಿತಳು.

"ಅಜ್ಜಾರ, ಮರ್ಯಾದಿಗೆ ಹೇಳಬ್ಯಾಡ್ರಿ. ನೀವು ಹೇಳಿದ್ದನ್ನ ನಾ ಬರೀತೀನಿ, ಡಾಕ್ಟರು ಅದನ್ನ ನಂಬ್ತಾರ."

ಮುದುಕ ಅತ್ತಿತ್ತ ನೋಡಿದ. "ಖರೇ ಹೇಳಲೇನು? ನಸುಕಿನಿಂದ ಹೊಟ್ಟಿ ಹರದಂಗ ಆಗಾಕತ್ತೈತಿ. ನರ್ಸಬಾಯಾರು ಭಾಳ ಮಂದೀನ ನೋಡಬೇಕಲ್ಲ, ಯಾಕ ತ್ರಾಸು ಕೊಡೂದು ಅಂತ..."

ಉಜ್ಮಾ ಎದ್ದು ದೊಡ್ಡ ನರ್ಸನ್ನು ಕರೆತಂದಳು. ಅವರು ಹೊಟ್ಟೆ ಮುಟ್ಟಿ ನೋಡಿ, ವೈದ್ಯರಿಗೆ ಹೇಳಿಕಳಿಸಿ, ಉಜ್ಮಾಗೆ "ಇಲ್ಲೇ ನಿಲ್ಲು" ಎಂದರು. ಅವಳು ನಿಂತಳು. ಮುಂದೇನು ಮಾಡಬೇಕೆಂದು ತಿಳಿಯದೆ ಸುಕ್ಕಾದ ಚಾದರವನ್ನು, ಝಾಡಿಸದೆ, ಅಂಗೈಯಿಂದ ಮೆಲ್ಲಗೆ ನೇರ ಮಾಡಿದಳು.

ಸಂಜೆ ಫುಪ್ಪು ಮತ್ತೆ ಕೇಳಿದಳು, ಇರುತ್ತೀಯೋ ಹೋಗುತ್ತೀಯೋ ಎಂದು.

"ಇನ್ನೂ ಗೊತ್ತಿಲ್ಲ," ಎಂದಳು ಉಜ್ಮಾ, ಮಂಚದ ಮೇಲಿನ ತನ್ನ ಗಾದಿಯನ್ನು ಸುರುಳಿ ಸುತ್ತಿ ಅಡುಗೆಮನೆಗೆ ಒಯ್ಯುತ್ತ. "ನಾಳೆ ಮಾತ್ರ ಲಗೂನ ಹೋಗಬೇಕು. ಆ ಅಜ್ಜ ಹೆಂಗದಾರೋ ನೋಡಬೇಕು. ನೀವು ಮಂಚದ ಮ್ಯಾಲೆ ಮಲಗ್ರಿ. ಇದನ್ನ ಮರ್ಯಾದಿಗೆ ಹೇಳಾಕತ್ತಿಲ್ಲ."