ಪಾಸ್‌ಪೋರ್ಟ್ ಹಳೇ ಏರ್‌ಪೋರ್ಟಿಗೆ ಹೋದ ದಿನ

2008ರಲ್ಲಿ ನಾನು ತುಮಕೂರಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಬೆಂಗಳೂರಿನ ವಿಮಾನ ನಿಲ್ದಾಣ ನಗರದೊಳಗಿನಿಂದ ದೇವನಹಳ್ಳಿಗೆ ಹೋದ ವರ್ಷ ಅದು. ಟಿಕೆಟ್ಟಿನಲ್ಲಿ ಮಾತ್ರ ಅದೇ ಹಳೆಯ ಕೋಡ್, ‘ಬಿಎಲ್‌ಆರ್’. ನಿಲ್ದಾಣ ಜಾಗ ಬದಲಿಸಿದರೂ ಕೋಡ್ ಬದಲಾಗಲಿಲ್ಲ. ಹಾಗಾಗಿ ಬಂದವರಿಗೆಲ್ಲ ‘ದೇವನಹಳ್ಳಿ, ದೇವನಹಳ್ಳಿ’ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಗುಬ್ಬಿಯ ಇಮ್ರಾನ್‌ಗೆ ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ವೀಸಾ ಪ್ರಕಾರ ಅಲ್ಲಿ ಇಳಿಯಲು ಅಂದೇ ಕೊನೆಯ ದಿನ. ಮೊದಲ ಪ್ರಯಾಣವೆಂದು ಅವನ ತಾಯಿ ಕೇಳಿಕೊಂಡಿದ್ದರಿಂದ ಅವರ ವ್ಯಾನಿನಲ್ಲಿ ನಾನೂ ಹೋದೆ. ಬೀಳ್ಕೊಡಲು ಎರಡು ವ್ಯಾನ್ ತುಂಬ ಜನ. ಪಾಸ್‌ಪೋರ್ಟ್, ಟಿಕೆಟ್ ಎರಡೂ ಹಿಂದಿನ ವ್ಯಾನಿನಲ್ಲಿದ್ದ ಅವನ ಅಜ್ಜ ಬಾಷಾ ಸಾಬರ ಜೇಬಿನಲ್ಲಿದ್ದವು. ಏರ್‌ಪೋರ್ಟ್ ಬಾಗಿಲಲ್ಲಿ ದುವಾ ಮಾಡಿ ಹಿರಿಯರೇ ಕೈಗೆ ಕೊಡುವುದು ಆ ಮನೆಯ ಪದ್ಧತಿ.

ನಾವು ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದೆವು. ಎಷ್ಟು ಕಾದರೂ ಹಿಂದಿನ ವ್ಯಾನಿನ ಸುಳಿವಿಲ್ಲ. ಫೋನ್ ಮಾಡಿದೆ.

“ಎಲ್ಲಿದೀರಾ ಸಾಬ್ರೇ?”

“ಏರ್‌ಪೋರ್ಟ್ ಮುಂದೇನೇ ನಿಂತಿದೀವಿ. ಇಲ್ಲಿ ಒಂದು ನರಪಿಳ್ಳೆನೂ ಇಲ್ಲ ಕಣಪ್ಪ. ಗೇಟ್ ಬೇರೆ ಹಾಕವ್ರೆ.”

ಅವರು ನಿಂತಿದ್ದು ನಗರದೊಳಗಿನ ಹಳೇ ಏರ್‌ಪೋರ್ಟಿನ ಮುಂದೆ. ಆ ಡ್ರೈವರ್ ವರ್ಷಗಟ್ಟಲೆ ದುಬೈಗೆ ಹೋಗುವವರನ್ನು ಹಳೇ ಏರ್‌ಪೋರ್ಟಿಗೆ ಬಿಟ್ಟು ಬಂದವನು. ಯಾರನ್ನೂ ಕೇಳದೆ ನೇರ ಅಲ್ಲಿಗೇ ಹೊಡೆದಿದ್ದ. ನಮ್ಮ ನಡುವೆ ಇಡೀ ಬೆಂಗಳೂರು ಇತ್ತು. ವಿದೇಶಿ ವಿಮಾನಕ್ಕೆ ಚೆಕ್-ಇನ್ ಕೌಂಟರನ್ನು ಒಂದು ಗಂಟೆ ಮೊದಲೇ ಮುಚ್ಚುತ್ತಾರೆ.

“ಅಣ್ಣ, ಈ ವೀಸಾ ಹೋದ್ರೆ ಇನ್ನೊಂದು ಕೊಡ್ತಾರಾ?” ಎಂದ ಇಮ್ರಾನ್. ಕಂಪನಿಗಳು ಮತ್ತೆ ಕಳಿಸುವುದು ಅಪರೂಪವೆಂದು ನನಗೆ ಗೊತ್ತಿತ್ತು. “ಮೊದಲು ವ್ಯಾನ್ ಬರಲಿ, ಇರು” ಎಂದೆ. ಅವನ ತಾಯಿ ಬರುವ ಒಂದೊಂದು ಬಿಳಿ ವ್ಯಾನಿಗೂ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ಹೆಬ್ಬಾಳದಲ್ಲಿ ಸಿಕ್ಕಿಕೊಂಡಿದ್ದೇವೆಂದು ಒಮ್ಮೆ ಸಾಬರ ಫೋನ್ ಬಂತು. ಆಮೇಲೆ ಅದೂ ಇಲ್ಲ.

ಕೌಂಟರ್ ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ವ್ಯಾನ್ ಬಂತು. ನಾನು ಓಡಿಹೋಗಿ ಅಜ್ಜನ ಕೈಯಿಂದ ಪಾಸ್‌ಪೋರ್ಟ್, ಟಿಕೆಟ್ ಕಿತ್ತುಕೊಂಡು ಹುಡುಗನಿಗೆ ಕೊಟ್ಟೆ. ಅವನು ತಿರುಗಿಯೂ ನೋಡದೆ ಒಳಗೆ ಓಡಿದ. ಸೀಟು ಸಿಕ್ಕಿತೆಂದು ಒಳಗಿನಿಂದ ಫೋನ್ ಮಾಡಿದ ಮೇಲೆಯೇ ನನಗೆ ಹೋದ ಜೀವ ಬಂದದ್ದು.

ಅಂದಿನಿಂದ, ಯಾವ ಏರ್‌ಪೋರ್ಟ್ ಎಂಬುದನ್ನು ಪ್ರಯಾಣಿಕರಿಗಷ್ಟೇ ಅಲ್ಲ, ಬೀಳ್ಕೊಡಲು ಹೋಗುವ ಗಾಡಿಯ ಡ್ರೈವರಿಗೂ ನಾನೇ ಹೇಳುತ್ತಿದ್ದೆ. ಪಾಸ್‌ಪೋರ್ಟ್ ಹೋಗುವವರ ಜೇಬಿನಲ್ಲೇ ಇರಬೇಕೆಂದು ಹಟ ಹಿಡಿಯುತ್ತಿದ್ದೆ. ಹಿರಿಯರು ಮುನಿಸಿಕೊಂಡರೆ, ಅಂದು ಬಾಷಾ ಸಾಬರು ವ್ಯಾನಿಗೆ ಒರಗಿ ಹೇಳಿದ್ದನ್ನು ಹೇಳುತ್ತಿದ್ದೆ: “ಮೊಮ್ಮಗನ ಮುಖ ನೋಡಾಣ ಅಂತ ಇಷ್ಟು ದೂರ ಬಂದೆ ಕಣಪ್ಪ. ಬರೀ ಬೆನ್ನು ನೋಡ್ದೆ.”