ಎಡಗಡೆಗೊಂದು ಕನ್ನಡಿ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೇ ಬಂದದ್ದಲ್ಲ. ಅಂಥವಳನ್ನು ಬಾಳೂರಿನಿಂದ ಬೆಂಗಳೂರಿನವರೆಗೆ ಸ್ಟಿಯರಿಂಗ್ ಮುಂದೆ ಕೂರಿಸಿದ್ದು ನಮ್ಮವರ ಕಣ್ಣು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಅವರ ಎಡಗಣ್ಣು ಕೆಟ್ಟು, ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಮುಂದಿನ ತಪಾಸಣೆಯವರೆಗೆ ಗಾಡಿ ಓಡಿಸಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಊಟ ಬಿಡಿ ಅಂದಿದ್ದರೆ ಬಿಡುತ್ತಿದ್ದರೇನೋ. ಜೀಪು ಬಿಡಿ ಅಂದದ್ದು ಅವರಿಗೆ ತಡೆಯಲಾಗಲಿಲ್ಲ. ತೋಟಕ್ಕೆ, ಕಳಸಕ್ಕೆ, ಬಂದ ನೆಂಟರನ್ನೆಲ್ಲ ಹೊರನಾಡಿಗೆ ಕರೆದುಕೊಂಡು ಹೋಗುವುದಕ್ಕೆ ಅವರೇ ಡ್ರೈವರ್. "ಬಲಗಣ್ಣು ಕಲ್ಲಿನ ಹಾಗೆ ಗಟ್ಟಿಯಿದೆ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ತಪಾಸಣೆಯ ದಿನ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದರು: "ಇನ್ಮೇಲೆ ನಾನು ಗಾಡಿ ಓಡಿಸ್ಬಹುದಲ್ಲ ಡಾಕ್ಟ್ರೇ?" ಆ ದಿನ ಅವರನ್ನು ಅಲ್ಲಿಗೆ ತಲುಪಿಸುವ ಕೆಲಸ ನನ್ನದಾಯಿತು.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಕಾಫಿ ಒಣಗಿಸುವ ಕಣ ಖಾಲಿ ಇದ್ದಾಗ ಅಲ್ಲಿ ಸುತ್ತು ಹೊಡೆಸಿ, ಆಮೇಲೆ ಘಾಟಿ ರಸ್ತೆಗೆ ಬಿಟ್ಟರು. ನಮ್ಮ ರಸ್ತೆಯಲ್ಲಿ ಮೂರನೇ ಗೇರ್ ದಾಟುವ ಅವಕಾಶವೇ ಇಲ್ಲ. ಅವರ ಪಾಠಗಳೂ ನಮ್ಮ ರಸ್ತೆಯಷ್ಟೇ ಕಿರಿದು. "ಹಾರನ್ ಕೇಳಿದ್ ಕೂಡ್ಲೆ ಸೈಡ್ ಕೊಡು ಮಾರಾಯ್ತಿ. ಕಮರಿ ಬದೀಗೆ ಹೋಗ್ಬೇಡ, ಧರೆ ಬದೀಗೆ ಒತ್ತಿ ನಿಲ್ಸು." ಧರೆ ಎಂದರೆ ರಸ್ತೆಗಾಗಿ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ. ರಿವರ್ಸ್ ತೆಗೆಯುವಾಗ ಇನ್ನೊಂದು: "ಹಿಂದೆ ನಿಂತೋರು ಬರ್ಲಿ ಬರ್ಲಿ ಅಂತಾರೆ. ನಾನೇ ಅಂದ್ರೂ ನಂಬ್ಬೇಡ. ಒಂದ್ಸಲ ನೀನೇ ಇಣುಕಿ ನೋಡು." ಎಷ್ಟೋ ಸಲ ಬೈಸಿಕೊಂಡು ಇವೆರಡನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ.

ನೆಲಮಂಗಲದ ಆಚೆಯ ನಾಲ್ಕು ಪಥದ ರಸ್ತೆಯ ಬಗ್ಗೆ, ಹೋಗಿಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಅಲ್ಲಿ ಎದುರಿಗೆ ಯಾರೂ ಬರುವುದಿಲ್ಲ, ಹೆದರಬೇಡ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಎದುರಿಗೆ ಬರುವವರನ್ನು ನೋಡಿಕೊಂಡು ಗಾಡಿ ಓಡಿಸಲು ಕಲಿತವಳು, ಎದುರಿಗೆ ಯಾರೂ ಇಲ್ಲದಿದ್ದರೆ ಏನನ್ನು ನೋಡಿಕೊಂಡು ಓಡಿಸಬೇಕು? ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಜೀಪನ್ನು ಮನೆಯಲ್ಲೇ ಬಿಟ್ಟು, ಬೆಳಕು ಹರಿಯುವ ಮೊದಲೇ ಕಾರಿನಲ್ಲಿ ಹೊರಟೆವು. ನಮ್ಮ ಸಣ್ಣ ಕಾರಿಗೆ ಬಲಗಡೆ ಮಾತ್ರ ಕನ್ನಡಿ, ಆ ಕಾಲದ ಸಣ್ಣ ಕಾರುಗಳು ಹೆಚ್ಚಿನವು ಹಾಗೇ ಇದ್ದವು. ಹಿಂದಿನ ಸೀಟಿನಲ್ಲಿ ಬೆಂಗಳೂರಿನ ನೆಂಟರಿಗೆಂದು ಇಟ್ಟ ಬಾಳೆಗೊನೆಗಳು ಗಾಜನ್ನೇ ಮುಚ್ಚಿದ್ದವು. ಒಳಗಿನ ಕನ್ನಡಿಯಲ್ಲಿ ನೋಡಿದರೆ ಬರೀ ಬಾಳೆಕಾಯಿ. ನಮ್ಮವರು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿಯುತ್ತಿದ್ದರು. ನಡುನಡುವೆ ತುಟಿ ಅಲ್ಲಾಡುತ್ತಿತ್ತು. ಅದೇ ಪ್ರಶ್ನೆ.

ನೆಲಮಂಗಲ ದಾಟಿದ ಮೇಲೆ ರಸ್ತೆ ಗದ್ದೆಬಯಲಿನ ಹಾಗೆ ಅಗಲವಾಯಿತು. ಎಡಗಡೆ ಅಲ್ಲಲ್ಲಿ ಲಾರಿಗಳು ನಿಂತಿದ್ದವು, ಸೈಕಲ್ಲಿನವರು ಎದುರಿಗೇ ಬರುತ್ತಿದ್ದರು. "ಬಲಕ್ಕೇ ಇರು" ಎಂದರು ನಮ್ಮವರು. ಇದ್ದೆ. ನಾಲ್ಕನೇ ಗೇರಿನಲ್ಲಿ ಕಾರು ಓಡತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಿಡದೆ ಹಾರನ್ ಹೊಡೆಯಿತು.

ನನ್ನ ಕೈ ಯೋಚನೆ ಮಾಡಲಿಲ್ಲ. ಬಲಗಡೆ, ರಸ್ತೆಯ ನಡುವೆ, ಮಣ್ಣು ತುಂಬಿ ಕಣಗಿಲೆ ಗಿಡ ನೆಟ್ಟ ಕಟ್ಟೆ ಇತ್ತು. ಅದೇ ಧರೆ ಎಂದುಕೊಂಡಿರಬೇಕು ಆ ಕೈ. ಕಟ್ಟೆಗೆ ಒತ್ತಿ, ಚೆಂದವಾಗಿ ಕಾರು ನಿಲ್ಲಿಸಿದೆ. ಹಿಂದಿದ್ದವನು ಟೈರು ಕಿರುಚಿಸುತ್ತಾ ಎಡಕ್ಕೆ ಹೊರಳಿ ಬೈಯುತ್ತಾ ಹೋದ. ನಮ್ಮ ಕಡೆಯ ವಾಡಿಕೆಯಂತೆ ನಾನು ಅವನಿಗೆ ಕೈ ಎತ್ತಿದ್ದೆ ಬೇರೆ.

ಎತ್ತಿದ ಕೈ ಇಳಿಸುವಷ್ಟರಲ್ಲಿ ಗೊತ್ತಾಯಿತು, ಎಲ್ಲರಿಗಿಂತ ಜೋರಾಗಿ ಹೋಗುವವರ ಹಾದಿಯಲ್ಲಿ ನಾನು ಬೀಡುಬಿಟ್ಟಿದ್ದೇನೆ ಎಂದು. ಪಕ್ಕದಲ್ಲಿ ಒಂದೊಂದು ಗಾಡಿ ಹಾದಾಗಲೂ ಕಾರು ನಡುಗುತ್ತಿತ್ತು. ಇಳಿಯುವ ಹಾಗಿಲ್ಲ, ಕೂರುವ ಹಾಗಿಲ್ಲ. ಬಲಗಡೆಯ ಕನ್ನಡಿಯಲ್ಲಿ ಕಣಗಿಲೆ, ಒಳಗಿನದರಲ್ಲಿ ಬಾಳೆಗೊನೆ.

ನಮ್ಮವರು ಬೈಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡಿದರು. ಅವರ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. "ನಾನ್ ನೋಡ್ತೀನಿ, ನೀನು ಗೇರ್ ಹಾಕಿ ತಯಾರಿರು." ಹಾಕಿದೆ. "ತಡಿ. ತಡಿ. ಹಾಂ, ಖಾಲಿ ಇದೆ. ಹೊರಡು."

ಕ್ಲಚ್ಚಿನ ಮೇಲಿದ್ದ ಕಾಲು ಅರ್ಧ ಮೇಲೆ ಬಂದಿತ್ತು. ನಂಬಿಕೆ ಇಲ್ಲವೆಂದಲ್ಲ, ಅಭ್ಯಾಸ. ಅವರ ತೊಡೆಯ ಮೇಲೆ ಕೈಯೂರಿ, ಅವರ ಹೆಗಲ ಪಕ್ಕದಿಂದ ನಾನೇ ಒಮ್ಮೆ ಇಣುಕಿದೆ.

ಕೆಂಪು ಬಸ್ಸು. ಹಾಡುಹಗಲಲ್ಲಿ ಹೆಡ್‌ಲೈಟ್ ಹಾಕಿಕೊಂಡು, ನೇರ ನಮ್ಮ ಮೇಲೇ ಬರುತ್ತಿತ್ತು. ಬ್ರೇಕು ಒತ್ತಿ ಹಿಡಿದೆ. ಬಸ್ಸು ಹಾರನ್ ಹೊಡೆಯುತ್ತಾ ಎಡಕ್ಕೆ ಸರಿದು, ನಮ್ಮವರ ಮುಖಕ್ಕೆ ಗಾಳಿ ಬೀಸಿ ದಾಟಿತು. ಆಗಲೇ ಅವರು ಬೆಚ್ಚಿ ತಲೆ ಒಳಗೆ ಎಳೆದುಕೊಂಡದ್ದು.

"ಬಸ್ಸಾ?" ಎಂದರು.

"ಹೂಂ ರೀ."

"ನಾನ್ ನೋಡ್ಲಿಲ್ಲ" ಎಂದರು. ಆಮೇಲೆ, "ಕಾಣ್ಲಿಲ್ಲ" ಎಂದು ತಿದ್ದಿದರು.

ನನಗೆ ಅಳು ಬಂತು, ಅಳಲು ಜಾಗ ಅದಲ್ಲ. ಮತ್ತೆ ಅವರ ಮೇಲೆ ಬಾಗಿ ನೋಡಿದೆ. ದೂರದವರೆಗೆ ರಸ್ತೆ ಖಾಲಿಯಾದಾಗ ಎಡಕ್ಕೆ ಇಂಡಿಕೇಟರ್ ಹಾಕಿ ಹೊರಟೆ. ಓಡುತ್ತಿದ್ದ ಲಾರಿಗಳ ಹಿಂದೆ ಎಡಗಡೆಯಲ್ಲೇ ನಿಧಾನ ಹೋದೆ. ಹಿಂದಿನಿಂದ ಹಾರನ್ ಕೇಳಿದರೂ ನಿಲ್ಲಲಿಲ್ಲ. ನಮ್ಮವರ ಕಾಲು ಬ್ರೇಕು ತುಳಿಯುವುದನ್ನು ನಿಲ್ಲಿಸಿತ್ತು, ತುಟಿಯೂ ಅಲ್ಲಾಡುತ್ತಿರಲಿಲ್ಲ.

ಡಾಕ್ಟರು ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿದರು. ಬಲಗಣ್ಣಿನಲ್ಲಿ ಬಹಳ ಹೊತ್ತು ನಿಂತರು. ಔಷಧ ಬರೆದುಕೊಟ್ಟು, "ಏನಾದ್ರೂ ಕೇಳೋದಿದೆಯಾ?" ಎಂದರು. ನಾನು ನೆಲ ನೋಡಿದೆ.

"ಏನಿಲ್ಲ ಡಾಕ್ಟ್ರೇ" ಎಂದರು ನಮ್ಮವರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ, ತಮ್ಮ ಕಡೆಯ ಕಿಟಕಿಯ ಹೊರಗೆ ಕೈ ಚಾಚಿ ಬಾಗಿಲಿನ ಮೂಲೆಯನ್ನು ತಡವಿದರು.

"ಈ ಬದೀಗೂ ಒಂದ್ ಕನ್ನಡಿ ಹಾಕ್ಸಾಣ ಮಾರಾಯ್ತಿ" ಎಂದರು. "ಇವತ್ತೇ ಹಾಕ್ಸಾಣ."