ಕಪ್ಪು ಸೂಟು ಮತ್ತು ಅಪ್ಪ ಹೇಳದ ಮಾತು

ಕಪ್ಪು ಸೂಟಿನ ಬಗ್ಗೆ ನಮ್ಮ ಅಪ್ಪ ಯಾವತ್ತೂ ಏನೂ ಹೇಳಿರಲಿಲ್ಲ. ಹೇಳಿದ್ದಾರೆ ಎಂದು ಮನೆಯವರನ್ನೆಲ್ಲ ನಂಬಿಸಿದವನು ನಾನು. ನಮ್ಮ ಮನೆಯ ಗಂಡಸರು ಶುಭಕಾರ್ಯಕ್ಕೆ ಕಪ್ಪು ಹಾಕಬಾರದು, ಅದು ಅಪ್ಪನ ಕೊನೆಯ ಮಾತು — ಹೀಗೆಂದು ಎಲ್ಲರೂ ನಡೆದುಕೊಂಡು ಬಂದರು. ಅದು ಅಪ್ಪನ ಮಾತಲ್ಲ, ನನ್ನದು. ಮುಂಬಯಿಯ ಸಾಂತಾಕ್ರೂಜ್‌ನ ಬಾಡಿಗೆ ಕೋಣೆಯಲ್ಲಿ ಒಂದು ಸಂಜೆ, ನನ್ನ ತಮ್ಮನ ಎದುರು, ಆ ಗಳಿಗೆಗೆ ನಾನೇ ಹುಟ್ಟಿಸಿದ್ದು.

ಇದನ್ನು ಬರೆಯುವಾಗ ನನಗೆ ದುಃಖವೇನೂ ಇಲ್ಲ ಎಂದರೆ ಓದುವವರಿಗೆ ವಿಚಿತ್ರ ಅನಿಸಬಹುದು. ನಿವೃತ್ತನಾಗಿದ್ದೇನೆ. ಬೆಳಿಗ್ಗೆ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿಗೆ ಹೋಗಿ ಬಸಳೆ ಸಿಕ್ಕಿದರೆ ತರುತ್ತೇನೆ, ಸಂಜೆ ಬಿಲ್ಡಿಂಗಿನ ಕೆಳಗೆ ಬೆಂಚಿನ ಮೇಲೆ ಕೂರುತ್ತೇನೆ, ಹೆಂಡತಿ ಆರೋಗ್ಯವಾಗಿದ್ದಾಳೆ. ತಮ್ಮನೂ ಮೊದಲಿನಂತೆ ಬಂದು ಹೋಗುತ್ತಾನೆ. ಆದರೆ ನೆಮ್ಮದಿ ಸಿಕ್ಕಿತು ಎಂದು ತಪ್ಪು ತಪ್ಪಲ್ಲದೆ ಹೋಗುವುದಿಲ್ಲವಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವನು. ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಬಂದೆ. ದಾದರ್‌ನ ಸಣ್ಣ ಹೋಟೆಲೊಂದರಲ್ಲಿ ಟೇಬಲ್ ಒರೆಸಿದೆ, ಆಮೇಲೆ ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲೊಂದರ ಪಾರ್ಟಿ ಹಾಲಿಗೆ ಸೇರಿದೆ. ಅಲ್ಲಿ ಕ್ಯಾಪ್ಟನ್ ಆದೆ. ವೇಟರುಗಳನ್ನು ನಡೆಸುವ ಕೆಲಸ. ಕ್ಯಾಪ್ಟನ್‌ಗಳಿಗೆ ಯೂನಿಫಾರ್ಮ್ ಅಂದರೆ ಕಪ್ಪು ಸೂಟು, ಬಿಳಿ ಅಂಗಿ, ಕಪ್ಪು ಬೋ ಟೈ. ನಿವೃತ್ತಿಯಾಗುವವರೆಗೂ ನಾನು ತೊಟ್ಟದ್ದು ಅದನ್ನೇ.

ಹಾಗಾಗಿ ಗಂಡಸು ಕಪ್ಪು ಸೂಟು ಹಾಕಬೇಕೇ, ಯಾವಾಗ ಹಾಕಬೇಕು ಎಂಬುದನ್ನು ನನ್ನಷ್ಟು ನೋಡಿದವರು ಕಡಿಮೆ ಇರಬಹುದು. ಹಗಲು ಮುಹೂರ್ತಕ್ಕೆ ಕಪ್ಪು ಸೂಟಿನಲ್ಲಿ ಬಂದು ಹೋಮದ ಹೊಗೆಯೆದುರು ಬೆವರಿ ನೀರಾದವರನ್ನು ನೋಡಿದ್ದೇನೆ. ಸಂಜೆ ದೀಪ ಹತ್ತಿದ ಮೇಲೆ ಅದೇ ಸೂಟು ಸಾಧಾರಣ ಹುಡುಗನನ್ನೂ ಎತ್ತಿ ತೋರಿಸುವುದನ್ನು ನೋಡಿದ್ದೇನೆ. ಅದರಲ್ಲಿ ತೊಡಕು ಒಂದೇ — ಹೊಲಿಗೆ ಸ್ವಲ್ಪ ಸಡಿಲಾದರೆ ಸಾಕು, ತೊಟ್ಟವನು ಅತಿಥಿಗಳ ಸಾಲಿನಿಂದ ನಮ್ಮ ಸಾಲಿಗೆ ಬಂದುಬಿಡುತ್ತಾನೆ. ಒಮ್ಮೆ ಮದುಮಗಳ ಸೋದರಮಾವನನ್ನೇ ಯಾರೋ ಕರೆದು ಐಸ್‌ಕ್ರೀಮ್ ಎಲ್ಲಿ ಎಂದು ಕೇಳಿದರು. ಅವರು ಪಾಪ, ಹೋಗಿ ತಂದೂ ಕೊಟ್ಟರು. ನಾವೆಲ್ಲ ಅಡುಗೆಮನೆಗೆ ಹೋಗಿ ನಕ್ಕೆವು. ಆದರೆ ನಕ್ಕದ್ದರ ಒಳಗೆ ನನಗೊಂದು ಮುಳ್ಳಿತ್ತು. ತಪ್ಪಿಯೂ ನನ್ನನ್ನು ಯಾರೂ ಮದುಮಗಳ ಮಾವ ಎಂದುಕೊಳ್ಳುತ್ತಿರಲಿಲ್ಲ.

ನನ್ನ ತಮ್ಮ ಸದಾನಂದ, ಅಪ್ಪನ ಬಾಯಲ್ಲಿ ಸದ. ನನಗಿಂತ ಬಹಳ ಚಿಕ್ಕವನು, ಓದಿನಲ್ಲಿ ಚುರುಕು. ಊರಲ್ಲಿ ಪಿಯುಸಿ ಮುಗಿದ ಮೇಲೆ ನಾನೇ ಕರೆದುಕೊಂಡು ಬಂದು ಕಾಲೇಜಿಗೆ ಸೇರಿಸಿದೆ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದೆವು. ಅವನನ್ನು ಪ್ರೀತಿಸುತ್ತಿದ್ದೆನೇ ಎಂದರೆ — ಹೌದು, ಖಂಡಿತ. ಆದರೆ ಅಪ್ಪ ಫೋನು ಮಾಡಿದಾಗ ನನ್ನೊಡನೆ ಮಾತು ಶುರುವಾಗುತ್ತಿದ್ದದ್ದೇ "ಸದನ ಓದು ಹೇಗುಂಟು?" ಎಂದು. ಮುಗಿಯುತ್ತಿದ್ದದ್ದೂ ಹಾಗೆಯೇ. ನಾನು ಹೇಗಿದ್ದೇನೆ ಎಂದು ಅಪ್ಪ ಕೇಳುತ್ತಿರಲಿಲ್ಲ ಎಂದಲ್ಲ. ಕೇಳುತ್ತಿದ್ದರು. ಆದರೆ ಉತ್ತರ ಗೊತ್ತಿದ್ದವರ ಹಾಗೆ ಕೇಳುತ್ತಿದ್ದರು.

ಅವನ ಕೊನೆಯ ವರ್ಷದ ಪರೀಕ್ಷೆ ನಡೆಯುತ್ತಿದ್ದಾಗ ಅಪ್ಪನನ್ನು ಉಡುಪಿಯ ಆಸ್ಪತ್ರೆಗೆ ಸೇರಿಸಿದರು. ಅಕ್ಕ ಫೋನು ಮಾಡಿ ಒಬ್ಬರಾದರೂ ಬನ್ನಿ ಅಂದಳು. ನಾನು ಬಸ್ಸು ಹತ್ತಿದೆ. ಸದಾನಂದನೂ ಹೊರಟಿದ್ದ, ಆದರೆ ಅಪ್ಪ ಹುಷಾರಾಗುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರಿಂದ ಪರೀಕ್ಷೆಗೆಂದು ಉಳಿದ.

ಮಧ್ಯಾಹ್ನ ಅಕ್ಕ ಕ್ಯಾಂಟೀನಿಗೆ ಇಳಿದಿದ್ದಳು. ಕೋಣೆಯಲ್ಲಿ ಅಪ್ಪ ಮತ್ತು ನಾನು ಮಾತ್ರ. ಅಪ್ಪ ಕಣ್ಣು ಬಿಟ್ಟು, ಉಸಿರು ಹಿಡಿದು ಹಿಡಿದು ಹೇಳಿದರು: "ಸದನನ್ನು ಈಗ ಕರೆಸ್ಬೇಡ. ಪರೀಕ್ಷೆ ಮುಗಿಸಿಯೇ ಬರ್ಲಿ. ಅವ ಬರ್ಲಿಲ್ಲ ಅಂತ ನಂಗೆ ಬೇಜಾರಿಲ್ಲ. ಅದನ್ನು ಅವನಿಗೆ ಹೇಳು."

ಅಷ್ಟೇ. ಅಕ್ಕ ಮೇಲೆ ಬರುವಷ್ಟರಲ್ಲಿ ಮಾತು ನಿಂತಿತ್ತು, ಸಂಜೆಯೊಳಗೆ ಅಪ್ಪ ಹೋದರು.

ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಎರಡು ರಾಜ್ಯ ದಾಟಿ, ರಜೆ ಕಾಡಿ ಬೇಡಿ ಬಂದವನು ನಾನು. ಅಪ್ಪ ಕೊನೆಗೆ ಮಾತಾಡಿದ್ದು ಬಾರದೆ ಇದ್ದವನ ಬಗ್ಗೆ.

ಪರೀಕ್ಷೆ ಮುಗಿಸಿ ಸದಾನಂದ ಊರಿಗೆ ಬಂದಾಗ ಎಲ್ಲ ಮುಗಿದಿತ್ತು. ಬಾವಿಕಟ್ಟೆಯ ಹತ್ತಿರ ನನ್ನನ್ನು ಒಬ್ಬನನ್ನೇ ಹಿಡಿದು ಕೇಳಿದ, "ಅಪ್ಪ ನನ್ನ ಬಗ್ಗೆ ಎಂತಾದ್ರೂ ಹೇಳಿದ್ರಾ ಅಣ್ಣ?"

"ಇಲ್ಲ. ನಿನ್ನ ಬಗ್ಗೆ ಎಂತ ಹೇಳ್ಲಿಲ್ಲ," ಅಂದೆ.

ಯಾಕೆ ಹಾಗೆ ಅಂದೆ? ಮರುದಿನ ಹೇಳಿದರಾಯಿತು ಅನ್ನಿಸಿತ್ತು. ಮರುದಿನ — ಬಾಯಿ ಬರಲಿಲ್ಲ. ಆಮೇಲೆ ಹೇಳಿದರೆ ಮೊದಲು ಯಾಕೆ ಹೇಳಲಿಲ್ಲ ಎಂದು ಕೇಳಿದರೆ... ಹಾಗೆಯೇ ಉಳಿಯಿತು. ಅಪ್ಪ ನನ್ನ ಕೈಯಲ್ಲಿಟ್ಟ ಮಾತನ್ನು ನಾನು ತಲುಪಿಸಲಿಲ್ಲ.

ಕೆಲವು ವರ್ಷಗಳ ನಂತರ ಸದಾನಂದನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಮದುವೆಯೂ ಗೊತ್ತಾಯಿತು. ರಿಸೆಪ್ಶನ್ ದಾದರ್‌ನ ಒಂದು ಹಾಲಿನಲ್ಲಿ. ಒಂದು ಸಂಜೆ ಟೇಲರ್ ಅಂಗಡಿಯಿಂದ ಸೀದಾ ಕೋಣೆಗೆ ಬಂದ, ಕಿಸೆಯಿಂದ ಕಪ್ಪು ಬಟ್ಟೆಯ ಸಣ್ಣ ತುಂಡು ತೆಗೆದು ನನ್ನ ಅಂಗೈ ಮೇಲಿಟ್ಟ.

"ರಿಸೆಪ್ಶನಿಗೆ ಕಪ್ಪು ಸೂಟು ಹೊಲಿಸುವಾ ಅಂತ. ನಿನ್ನದರ ಹಾಗೆ," ಅಂದ.

ನನ್ನದರ ಹಾಗೆ! ಅವನು ಪ್ರೀತಿಯಿಂದಲೇ ಹೇಳಿದ್ದ, ಮುಖದಲ್ಲೇ ಕಾಣುತ್ತಿತ್ತು. ನನಗೆ ಮಾತ್ರ ಒಳಗೆ ಏನೋ ಉರಿಯಿತು. ನಾನು ಅದನ್ನು ಹಾಕಿಕೊಂಡು ಗೋಡೆಯ ಪಕ್ಕ ನಿಲ್ಲುವುದು, ಇವನು ಅದನ್ನೇ ಹಾಕಿಕೊಂಡು ವೇದಿಕೆಯಲ್ಲಿ ಕೂರುವುದು. ನಾಳೆ ಆ ಹಾಲಿನಲ್ಲೂ ನನ್ನಂಥವರು ಕಪ್ಪು ಸೂಟಿನಲ್ಲಿ ತಟ್ಟೆ ಎತ್ತಿಸುತ್ತಿರುತ್ತಾರೆ, ಅವರ ನಡುವೆ ಇವನು... ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಬಟ್ಟೆಯೊಂದಾದರೂ ನನ್ನದಾಗಿತ್ತು. ಅಪ್ಪನನ್ನು ಇವನು ತೆಗೆದುಕೊಂಡಿದ್ದ, ಇದನ್ನೂ ಕೊಡಲು ನನಗೆ ಮನಸ್ಸಿರಲಿಲ್ಲ.

"ಕಪ್ಪು ಬೇಡ," ಅಂದೆ. "ಅಪ್ಪ ಒಂದು ಮಾತು ಹೇಳಿದ್ದರು, ಆಸ್ಪತ್ರೆಯಲ್ಲಿ. ನಮ್ಮ ಮನೆಯಲ್ಲಿ ಶುಭಕಾರ್ಯಕ್ಕೆ ಗಂಡಸರು ಕಪ್ಪು ಹಾಕಬಾರದು ಅಂತ. ನಿನಗೆ ಹೇಳ್ಲಿಕ್ಕೆ ಮರ್ತಿತ್ತು."

ಅವನ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಬಾಡಲಿಲ್ಲ. ಅರಳಿತು. "ಹೇಳಿದ್ರಾ? ಅಪ್ಪ ಹೇಳಿದ್ರಾ?" ಎಂದು ಎರಡು ಸಲ ಕೇಳಿದ. ಬಟ್ಟೆಯ ತುಂಡನ್ನು ಹಾಗೆಯೇ ಕಿಸೆಗೆ ಹಾಕಿಕೊಂಡ. ತಿಳಿ ಕಂದು ಬಣ್ಣದ ಸೂಟಿನಲ್ಲಿ ಅವನ ರಿಸೆಪ್ಶನ್ ಆಯಿತು.

ಅವನಿಗೆ ಅಪ್ಪನಿಂದ ಸಿಕ್ಕಿದ ಕೊನೆಯ ಮಾತು ಅದೊಂದೇ ಆಗಿತ್ತು. ಅದು ನನಗೆ ಆಮೇಲೆ ಹೊಳೆದದ್ದು. ಅವನು ಅದನ್ನು ಜೋಪಾನ ಮಾಡಿದ. ಮಗನ ನಾಮಕರಣಕ್ಕೆ ಯಾರೋ ತಂದ ಕಪ್ಪು ಟೋಪಿಯನ್ನು ಪಕ್ಕಕ್ಕಿಟ್ಟ. ಕಾರು ತೆಗೆದುಕೊಳ್ಳುವಾಗ ಕಪ್ಪು ಬೇಡ ಎಂದು ಹಟ ಹಿಡಿದ. ಕಾರು ಶುಭಕಾರ್ಯವೇ ಎಂದು ಹೆಂಡತಿ ಕೇಳಿದರೆ ಮನೆಗೆ ಬರುವುದೆಲ್ಲ ಶುಭವೇ ಅಂದ. ಅಕ್ಕನಿಗೂ ಹೇಳಿದ, ಅವಳ ಮಕ್ಕಳಿಗೂ ಅದು ನಿಯಮವಾಯಿತು. ನಾನು ನೋಡುತ್ತಾ ಇದ್ದೆ. ಕೆಲವೊಮ್ಮೆ ತಲೆಯಾಡಿಸುತ್ತಲೂ ಇದ್ದೆ.

ಈಚೆಗೆ ಸದಾನಂದನ ಮಗ ನಿಖಿಲ್‌ನ ಮದುವೆ ಗೊತ್ತಾಯಿತು. ಹುಡುಗಿ ಮೃಣಾಲ್, ದಾದರ್‌ನ ಮರಾಠಿ ಮನೆಯವಳು. ನಿಖಿಲ್ ರಿಸೆಪ್ಶನಿಗೆ ಕಪ್ಪು ಸೂಟೇ ಬೇಕೆಂದ. ಸದಾನಂದ ಆಗದು ಅಂದ. ಮಾತಿಗೆ ಮಾತು ಬೆಳೆದು, ನೀನು ಕಪ್ಪು ಹಾಕಿದರೆ ನಾನು ವೇದಿಕೆ ಹತ್ತುವುದಿಲ್ಲ ಎಂದು ಅಪ್ಪ, ಹಾಗಾದರೆ ರಿಸೆಪ್ಶನ್ನೇ ಬೇಡ ಎಂದು ಮಗ. ಇಬ್ಬರ ನಡುವೆ ಊಟದ ಹೊತ್ತಿಗೂ ಮಾತಿಲ್ಲದಾಯಿತು. ಒಂದು ಭಾನುವಾರ ಬೆಳಿಗ್ಗೆ ಮೃಣಾಲ್ ಸೇರಿ ಮೂವರೂ ನನ್ನ ಮನೆಗೆ ಬಂದರು.

"ದೊಡ್ಡಪ್ಪ, ನೀವೇ ಹೇಳಿ ನಾ," ಅಂದ ನಿಖಿಲ್. ಅವನ ಕನ್ನಡ ತಡವರಿಸುತ್ತದೆ. "ಇವ್ನಿಂಗ್ ಫಂಕ್ಷನ್, ಎಸಿ ಹಾಲ್. ಬ್ಲ್ಯಾಕ್ ಸೂಟ್‌ಗೆ ಎಂತ ಪ್ರಾಬ್ಲಮ್? ನೀವು ಲೈಫ್ ಪೂರಾ ಅದೇ ಹಾಕಿದ್ರಿ."

ಮೃಣಾಲ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: ತಮ್ಮಲ್ಲಿ ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೆ ಕೊಡುವುದೇ ಕಪ್ಪು ಸೀರೆ, ಅದರಲ್ಲಿ ಅಶುಭವೇನೂ ಇಲ್ಲ. ಆದರೆ ಅಜ್ಜ ಹೇಳಿದ್ದು ನಿಜವಾದರೆ ತಾನು ನಿಖಿಲ್‌ಗೆ ಬುದ್ಧಿ ಹೇಳುತ್ತೇನೆ, ಸತ್ತವರ ಮಾತು ದೊಡ್ಡದು.

ಸದಾನಂದ ನನ್ನ ಕಡೆ ತಿರುಗಿದ. "ಅಣ್ಣ, ಅಪ್ಪ ಹೇಳಿದ್ದನ್ನು ಇವರಿಗೆ ನಿನ್ನ ಬಾಯಲ್ಲೇ ಹೇಳು. ಕೇಳಿದವ ನೀನೊಬ್ಬನೇ."

ಹೇಳಿಬಿಡಬಹುದಿತ್ತು. ಆ ಹುಡುಗಿ ನಂಬಲು ತಯಾರಾಗಿ ಕೂತಿದ್ದಳು. ಅವಳ ಮುಖ ನೋಡಿದಾಗ ಇದು ಇನ್ನೊಂದು ತಲೆಮಾರಿಗೆ ಹೋಗುತ್ತದೆ ಎಂದು ಕಂಡಿತು. ನನ್ನ ಮತ್ಸರವನ್ನು ಈ ಮಕ್ಕಳ ಮಕ್ಕಳೂ ಅಜ್ಜನ ಮಾತೆಂದು ಹೊರಬೇಕು...

"ಅಪ್ಪ ಹಾಗೆ ಹೇಳಿರ್ಲಿಲ್ಲ," ಅಂದೆ. "ಅದು ನಾನು ಕಟ್ಟಿದ್ದು."

ನಿಖಿಲ್‌ಗೆ ನಗು ಬರುವುದರಲ್ಲಿತ್ತು. ಅವನ ಅಪ್ಪನ ಮುಖ ನೋಡಿ ನಿಂತಿತು. ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಏರ್‌ಪೋರ್ಟ್ ಹತ್ತಿರದ ನಮ್ಮ ಕಡೆ ಅದು ಹೋಗುವವರೆಗೆ ಯಾರೂ ಮಾತಾಡುವುದಿಲ್ಲ, ಅಭ್ಯಾಸ. ಅದು ಹೋದ ಮೇಲೆ ಸದಾನಂದ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡ.

"ಹಾಗಾದ್ರೆ ಅಪ್ಪ ಎಂತ ಹೇಳಿದ್ದು?" ಅಂದ.

ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಿದೆ. ಮೃಣಾಲ್‌ಗೆ ಕನ್ನಡ ತಿಳಿಯದು, ಆದರೂ ಎದ್ದು ನಿಖಿಲ್‌ನನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು.

"ಪ್ರತಿ ವರ್ಷ ಅಪ್ಪನ ತಿಥಿಯ ದಿನ ಕ್ಷಮೆ ಕೇಳ್ತಾ ಇದ್ದೆ," ಅಂದ ಸದಾನಂದ. "ಪರೀಕ್ಷೆ ದೊಡ್ಡದಾಯ್ತು ನಂಗೆ, ಅಪ್ಪ ಸಣ್ಣವರಾದ್ರು ಅಂತ. ನೀನು ಪಕ್ಕದಲ್ಲೇ ಕೂತಿರ್ತಿದ್ದೆ."

ಹೌದು. ಪಕ್ಕದಲ್ಲೇ ಕೂತಿರುತ್ತಿದ್ದೆ. ಅವನು ಚಪ್ಪಲಿ ಹಾಕಿಕೊಂಡು ಇಳಿದು ಹೋದ.

ಆಮೇಲೆ ಅವನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ, ಮಾಡುವ ಹಕ್ಕು ನನಗಿರಲಿಲ್ಲ. ಒಂದು ಮಧ್ಯಾಹ್ನ ಅವನೇ ಮಾಡಿದ. ದಾದರ್ ಸ್ಟೇಷನ್ನಿನಲ್ಲಿ ಇದ್ದ, ಲೋಕಲ್ ಬಂದು ನಿಲ್ಲುವ ಸದ್ದು, ಅನೌನ್ಸ್‌ಮೆಂಟು, ಜನ. ಬೇರೆ ಮಾತೇನೂ ಎತ್ತಲಿಲ್ಲ. "ಅಣ್ಣ, ಅಪ್ಪ ಹೇಳಿದ್ದನ್ನು ಇನ್ನೊಮ್ಮೆ ಹೇಳು," ಅಂದ.

ಹೇಳಿದೆ. ಅವನು ಹೂಂ ಅಂದ. ರೈಲು ಹೊರಟ ಸದ್ದು ಕೇಳಿತು. ಅವನು ಹತ್ತಿದ ಹಾಗೆ ಅನಿಸಲಿಲ್ಲ. "ಬೇಜಾರಿಲ್ಲ ಅಂತಲೇ ಹೇಳಿದ್ದಾ? ಅದೇ ಶಬ್ದ?" ಅಂದ. ಅದೇ ಶಬ್ದ, ಅಂದೆ. ಆಮೇಲೆ, ಊಟ ಆಯಿತಾ ಎಂದು ಕೇಳಿದ.

ಮದುವೆ ಚೆನ್ನಾಗಿ ಆಯಿತು. ರಿಸೆಪ್ಶನಿನ ಸಂಜೆ ನಿಖಿಲ್ ಕಪ್ಪು ಸೂಟಿನಲ್ಲಿ ನನ್ನ ಎದುರು ಬಂದು ನಿಂತ. ನನಗೆ ಗೊತ್ತಿದ್ದದ್ದನ್ನು ನಾನು ಮಾಡಿದೆ: ಭುಜದ ಹೊಲಿಗೆ ನೋಡಿದೆ, ಕೆಳಗಿನ ಗುಂಡಿ ಬಿಡಿಸಿದೆ, ಕೂರುವಾಗ ಮೇಲಿನದನ್ನೂ ಬಿಡಿಸಿಕೋ ಅಂದೆ. ಅವನು ಎಷ್ಟು ಚೆನ್ನಾಗಿ ಕಾಣುತ್ತಿದ್ದನೆಂದರೆ ನನಗೆ ನಿಜಕ್ಕೂ ಖುಷಿಯಾಯಿತು, ಎಲ್ಲೂ ಏನೂ ಚುಚ್ಚಲಿಲ್ಲ. ಗಂಡಸು ಕಪ್ಪು ಸೂಟು ಯಾವಾಗ ಹಾಕಬೇಕು ಎಂದು ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಸಂಜೆ ಹಾಕಲಿ, ಅಳತೆಗೆ ಸರಿಯಾಗಿ ಹೊಲಿಸಿ ಹಾಕಲಿ, ಹಾಕಬೇಕು ಅನ್ನಿಸಿದ ವಯಸ್ಸಿನಲ್ಲೇ ಹಾಕಲಿ.

ಸದಾನಂದನಿಗೂ ಒಂದು ಹೊಲಿಸೋಣ ಎಂದು ನಾನು ಕೇಳಿದ್ದೆ. "ಈಗ ನಂಗೆ ಬೇಡ ಅಣ್ಣ, ಆ ಆಸೆ ಇಲ್ಲ," ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ಅವನ ಮದುವೆಯ ಸಂಜೆಯನ್ನು ನಾನು ತಿರುಗಿ ಕೊಡಲಾರೆ. ತಿಥಿಯ ದಿನಗಳನ್ನೂ.

ಇನ್ನು ಅಕ್ಕನಿಗೆ ಹೇಳಬೇಕು. ಫೋನಿನಲ್ಲಿ ಹೇಳುವ ವಿಷಯ ಅಲ್ಲ. ಮುಂದಿನ ವಾರದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಸದಾನಂದ ತಾನೂ ಬರುತ್ತೇನೆ ಅಂದ. "ನಿನ್ನ ಪರ ಮಾತಾಡ್ಲಿಕ್ಕೆ ಅಲ್ಲ," ಅಂತಲೂ ಅಂದ. "ಅಪ್ಪನ ಮಾತು ಅಕ್ಕನ ಜೊತೆ ಕೂತು ಕೇಳ್ಬೇಕು ಅಂತ."

ಅವನು ನನ್ನ ಪರ ಮಾತಾಡುವುದು ನನಗೂ ಬೇಡ. ಇಬ್ಬರೂ ಎದುರು ಕೂರಲಿ. ಅಪ್ಪ ತಲುಪಿಸು ಎಂದದ್ದನ್ನು ತಲುಪಿಸುತ್ತೇನೆ, ಆಮೇಲೆ ಅಕ್ಕ ಏನು ಹೇಳುತ್ತಾಳೋ ಅದನ್ನು ಕೇಳಿಸಿಕೊಳ್ಳುತ್ತೇನೆ.